ಚಾಟ್ಸ್‌ವರ್ತ್ ಭವನ

ಇಂಗ್ಲೆಂಡಿನ ಡರ್ಬಿಶೈರ್ ಕೌಂಟಿಯಲ್ಲಿ, ಡರ್ವೆಂಟ್ ನದಿಯ ಪೂರ್ವ ದಡದ ಮೇಲಿರುವ ಭವ್ಯ ಗ್ರಾಮಾಂತರ ಮಹಲು. ಬೇಕ್‌ವೆಲ್ ಪಟ್ಟಣಕ್ಕೆ ಈಶಾನ್ಯದಲ್ಲಿ, ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಾಡಿನ ಅಂಚಿನಲ್ಲಿದೆ. ಡೆವನ್‌ಶೈರ್ ಡ್ಯೂಕ್ ಪದವಿ ಹೊಂದಿರುವ ಕ್ಯಾವೆಂಡಿಷ್ ಮನೆತನದ ನೆಲೆ. ಈ ಜಾಗ 1549ರಲ್ಲಿ ಆ ಮನೆತನದ ಕೈ ಸೇರಿತು. ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದು ಅತ್ಯುನ್ನತವಾದ ಮೊದಲನೇ ದರ್ಜೆಗೆ ಸೇರಿದೆ.

ಇಂದು ಕಾಣುವ ಕಟ್ಟಡ ಮುಖ್ಯವಾಗಿ ಮೂರು ಕಾಲಘಟ್ಟಗಳ ಕೆಲಸ. 16ನೇ ಶತಮಾನದ ನಡುವಿನಲ್ಲಿ ಇಲ್ಲಿ ಮೊದಲ ಮನೆ ಎದ್ದಿತು. 1687ರಿಂದ 1707ರವರೆಗೆ ಅದರ ನಾಲ್ಕೂ ಪಾರ್ಶ್ವಗಳನ್ನು ಒಂದೊಂದಾಗಿ ಕೆಡವಿ ಬರೋಕ್ ಶೈಲಿಯಲ್ಲಿ ಕಟ್ಟಲಾಯಿತು. 1820ರ ನಂತರದ ಎರಡು ದಶಕಗಳಲ್ಲಿ ಉತ್ತರಕ್ಕೆ ಒಂದು ಉದ್ದನೆಯ ಪಾರ್ಶ್ವ ಸೇರಿತು. ಮೊದಲ ಮನೆಯ ಗೋಡೆಗಳು ಇಂದು ಹೊರಗಿನಿಂದ ಎಲ್ಲಿಯೂ ಕಾಣುವುದಿಲ್ಲ. ಆದರೂ ಅಂಗಳ ಎಲ್ಲಿ, ಹಜಾರ ಎಲ್ಲಿ, ರಾಜಯೋಗ್ಯ ಕೋಣೆಗಳು ಯಾವ ಮಹಡಿಯಲ್ಲಿ ಎಂಬುದನ್ನೆಲ್ಲ ಆ ಮನೆಯ ನಕ್ಷೆಯೇ ಇಂದಿಗೂ ನಿರ್ಧರಿಸುತ್ತಿದೆ. ಮುಂದೆ ಬಂದ ವಾಸ್ತುಶಿಲ್ಪಿಗಳು ತಮ್ಮ ಕಾಲದ ಅಭಿರುಚಿಯನ್ನು ಆ ಹಳೆಯ ಚೌಕಟ್ಟಿಗೆ ಹೊಂದಿಸಬೇಕಾಯಿತು. ಕಟ್ಟಡದ ಹಲವು ವೈಚಿತ್ರ್ಯಗಳಿಗೂ ಕೆಲವು ಉತ್ತಮ ಗುಣಗಳಿಗೂ ಕಾರಣ ಇದೇ.

ಹಿನ್ನೆಲೆ

ಇಂಗ್ಲೆಂಡಿನ ಗ್ರಾಮಾಂತರ ಮಹಲು ದೊಡ್ಡ ಜಮೀನುದಾರಿಕೆಯ ಕೇಂದ್ರವಾಗಿತ್ತು. ಒಡೆಯನು ಸಂಸತ್ತಿನ ಅಧಿವೇಶನದ ತಿಂಗಳುಗಳನ್ನು ಲಂಡನ್ನಿನಲ್ಲಿ ಕಳೆದು, ಉಳಿದ ಕಾಲ ಇಲ್ಲಿರುತ್ತಿದ್ದ. ಗೇಣಿ ವಸೂಲಿ, ಬೇಟೆ, ಅತಿಥಿ ಸತ್ಕಾರ, ಆ ಸೀಮೆಯ ರಾಜಕಾರಣ ಎಲ್ಲವೂ ಈ ಮಹಲಿನಿಂದಲೇ ನಡೆಯುತ್ತಿದ್ದವು. ಆಸ್ತಿ ಹಿರಿಯ ಮಗನಿಗೆ ಇಡಿಯಾಗಿ ಹೋಗುವ ಪದ್ಧತಿಯಿದ್ದುದರಿಂದ ಮನೆ ಪಾಲಾಗುತ್ತಿರಲಿಲ್ಲ. ಹಣ ಬಂದಾಗ, ಪದವಿ ಏರಿದಾಗ, ಅಭಿರುಚಿ ಬದಲಾದಾಗ ವಾರಸುದಾರರು ಅದಕ್ಕೆ ಹೊಸ ಭಾಗಗಳನ್ನು ಸೇರಿಸುತ್ತ ಹೋದರು. ಚಾಟ್ಸ್‌ವರ್ತ್ ಇದಕ್ಕೆ ಒಂದು ದೊಡ್ಡ ಉದಾಹರಣೆ.

ಮೊದಲ ಮನೆ

ಎಂಟನೇ ಹೆನ್ರಿಯ ಆಡಳಿತದಲ್ಲಿ ಕ್ರೈಸ್ತ ಮಠಗಳ ಆಸ್ತಿಯನ್ನು ವಶಪಡಿಸಿಕೊಳ್ಳುವ ಕೆಲಸದಲ್ಲಿ ಏಳಿಗೆ ಕಂಡ ಅಧಿಕಾರಿ ಸರ್ ವಿಲಿಯಂ ಕ್ಯಾವೆಂಡಿಷ್. ಇವನ ಹೆಂಡತಿ ಎಲಿಜಬೆತ್ ಡರ್ಬಿಶೈರಿನವಳು. ಹಾರ್ಡ್‌ವಿಕ್‌ನ ಬೆಸ್ ಎಂದೇ ಇತಿಹಾಸದಲ್ಲಿ ಪ್ರಸಿದ್ಧಳು. ಹೆಂಡತಿಯ ಒತ್ತಾಯದಂತೆ ಕ್ಯಾವೆಂಡಿಷ್ ಬೇರೆಡೆಯಲ್ಲಿದ್ದ ಜಮೀನು ಮಾರಿ ಇವಳ ತವರು ಸೀಮೆಯಲ್ಲಿ ನೆಲೆಸಿದ. 1549ರಲ್ಲಿ 600 ಪೌಂಡಿಗೆ ಚಾಟ್ಸ್‌ವರ್ತ್ ಜಹಗೀರು ಕೊಂಡು, 1552ರಲ್ಲಿ ಮನೆ ಕಟ್ಟಲು ಆರಂಭಿಸಿದ. 1557ರಲ್ಲಿ ಅವನು ತೀರಿಕೊಂಡಾಗ ಕೆಲಸ ಮುಗಿದಿರಲಿಲ್ಲ. ಮುಗಿಸಿದವಳು ಬೆಸ್.

ಆ ಮನೆ ಉತ್ತರ-ದಕ್ಷಿಣವಾಗಿ ಸುಮಾರು 170 ಅಡಿ, ಪೂರ್ವ-ಪಶ್ಚಿಮವಾಗಿ ಸುಮಾರು 190 ಅಡಿ ಇತ್ತು. ನಡುವೆ ಬಯಲು ಅಂಗಳ, ಅದರ ನಾಲ್ಕೂ ಕಡೆ ಕಟ್ಟಡ. ನಮ್ಮ ಕಡೆಯ ತೊಟ್ಟಿಮನೆಯನ್ನು ಬಲ್ಲವರಿಗೆ ಈ ವಿನ್ಯಾಸ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಹೆಬ್ಬಾಗಿಲು ಪಶ್ಚಿಮಕ್ಕೆ, ನದಿಯ ಕಡೆಗಿತ್ತು. ಆ ಮುಖದಲ್ಲಿ ನಾಲ್ಕು ಗೋಪುರಗಳಿದ್ದವು. ಅಂಗಳ ದಾಟಿದರೆ ಪೂರ್ವ ಪಾರ್ಶ್ವದಲ್ಲಿ ಮಧ್ಯಯುಗದ ಪದ್ಧತಿಯ ದೊಡ್ಡ ಹಜಾರ. ಅತಿ ಮುಖ್ಯರಾದ ಅತಿಥಿಗಳ ಕೋಣೆಗಳು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿದ್ದವು. ಮೇಲೇರಿದಷ್ಟೂ ನೋಟ ವಿಶಾಲ, ಗೌರವ ಹೆಚ್ಚು ಎಂಬ ಆ ಕಾಲದ ಎಣಿಕೆ ಬೆಸ್ ಮುಂದೆ ಕಟ್ಟಿಸಿದ ಹಾರ್ಡ್‌ವಿಕ್ ಹಾಲ್‌ನಲ್ಲೂ ಕಾಣುತ್ತದೆ.

ಬೆಸ್ಸಳ ನಾಲ್ಕನೆಯ ಗಂಡ, ಶ್ರೂಸ್‌ಬರಿಯ ಆರನೇ ಅರ್ಲ್, ಸ್ಕಾಟ್ಲೆಂಡಿನ ರಾಣಿ ಮೇರಿಯ ಕಾವಲಿನ ಹೊಣೆ ಹೊತ್ತಿದ್ದ. ಹೀಗಾಗಿ 1570ರಿಂದ ಮುಂದೆ ಮೇರಿಯನ್ನು ಹಲವು ಬಾರಿ ಈ ಮನೆಯಲ್ಲಿ ಸೆರೆಯಿಟ್ಟಿದ್ದರು. ಎಲಿಜಬೆತ್ ಕಾಲದ ಎರಡು ಕಟ್ಟಡಗಳು ಮನೆಯ ಹೊರಗೆ ಉಳಿದುಬಂದಿವೆ. ಒಂದು, ನದಿಯ ಬಳಿ ಕಂದಕದಿಂದ ಸುತ್ತುವರಿದ, ಮೇರಿಯ ಹೆಸರು ಹೊತ್ತ ಎತ್ತರದ ಜಗಲಿ. ಇನ್ನೊಂದು, ಹಿಂದಿನ ಗುಡ್ಡದ ಮೇಲೆ ಕಾಡಿನ ನಡುವಿನಿಂದ ತಲೆಯೆತ್ತಿರುವ ಬೇಟೆಯ ಗೋಪುರ. ಇದರ ನಿರ್ಮಾಣ 1582ರ ಸುಮಾರಿನದು. ಹೆಂಗಸರು ಇಲ್ಲಿ ಕುಳಿತು ಕೆಳಗಿನ ಬಯಲಿನಲ್ಲಿ ನಡೆಯುವ ಬೇಟೆಯನ್ನು ನೋಡುತ್ತಿದ್ದರು.

ಮೊದಲನೇ ಡ್ಯೂಕನ ಪುನರ್ನಿರ್ಮಾಣ

ಡೆವನ್‌ಶೈರಿನ ನಾಲ್ಕನೇ ಅರ್ಲ್ ವಿಲಿಯಂ ಕ್ಯಾವೆಂಡಿಷ್ ಮುಂಗೋಪಿ, ಎರಡನೇ ಜೇಮ್ಸ್ ದೊರೆಯ ಕಡು ವಿರೋಧಿ. ಆಸ್ಥಾನದಲ್ಲೇ ಒಬ್ಬನ ಮೇಲೆ ಕೈಮಾಡಿದ್ದಕ್ಕಾಗಿ 30,000 ಪೌಂಡ್ ದಂಡ ವಿಧಿಸಿದಾಗ ಅವನು ಚಾಟ್ಸ್‌ವರ್ತ್‌ಗೆ ಬಂದು ಕಟ್ಟಡದ ಕೆಲಸಕ್ಕೆ ಕೈಹಾಕಿದ. 1688ರಲ್ಲಿ ಆರೆಂಜಿನ ವಿಲಿಯಮನಿಗೆ ಇಂಗ್ಲೆಂಡಿಗೆ ಬರುವಂತೆ ಗುಟ್ಟಾಗಿ ಪತ್ರ ಬರೆದ ಏಳು ಮಂದಿಯಲ್ಲಿ ಇವನೂ ಒಬ್ಬ. ಜೇಮ್ಸ್‌ನ ವಿರುದ್ಧದ ಆ ಕ್ರಾಂತಿ ಗೆದ್ದಿತು, 1694ರಲ್ಲಿ ಹೊಸ ಅರಸರಾದ ವಿಲಿಯಂ ಮತ್ತು ಮೇರಿ ಅವನನ್ನು ಡ್ಯೂಕ್ ಪದವಿಗೇರಿಸಿದರು. ಹೊಸ ಕಟ್ಟಡದಲ್ಲಿ ಈ ರಾಜಕೀಯ ವಿಜಯದ ಹೆಮ್ಮೆ ಎದ್ದು ಕಾಣುತ್ತದೆ.

ಇಡೀ ಮನೆಯನ್ನು ಹೊಸದಾಗಿ ಕಟ್ಟುವ ಉದ್ದೇಶ ಮೊದಲಿಗೆ ಅವನಿಗಿರಲಿಲ್ಲ. ದಕ್ಷಿಣ ಪಾರ್ಶ್ವ ಮುಗಿದಾಗ ಅದರ ಪಕ್ಕದ ಹಳೆಯ ಪಾರ್ಶ್ವ ಮಂಕಾಗಿ ಕಂಡಿತು, ಅದನ್ನೂ ಕೆಡವಿದ್ದಾಯಿತು. ಹೀಗೆ ಇಪ್ಪತ್ತು ವರ್ಷಗಳಲ್ಲಿ ನಾಲ್ಕೂ ಕಡೆ ಬದಲಾದವು. ಒಮ್ಮೆಗೆ ಒಂದೇ ಪಾರ್ಶ್ವ ಬದಲಾಗುತ್ತಿದ್ದುದರಿಂದ ಪ್ರತಿ ಹೊಸ ಭಾಗವೂ ಪಕ್ಕದ ಹಳೆಯ ಭಾಗದ ಮಹಡಿಗಳಿಗೆ, ಅಂಗಳದ ಅಂಚಿಗೆ ಹೊಂದಿಕೊಳ್ಳಬೇಕಿತ್ತು. ಬೆಸ್ಸಳ ಮನೆಯ ನಕ್ಷೆ ಉಳಿದುಕೊಂಡದ್ದು ಈ ರೀತಿಯಲ್ಲಿ.

ದಕ್ಷಿಣ ಮುಖ: ವಿಲಿಯಂ ಟಾಲ್ಮನ್‌ನ ವಿನ್ಯಾಸ, 1687ರಲ್ಲಿ ಆರಂಭವಾಯಿತು. ಇಂಗ್ಲೆಂಡಿನ ಖಾಸಗಿ ಮಹಲುಗಳಲ್ಲಿ ಬರೋಕ್ ಶೈಲಿ ಪೂರ್ಣರೂಪದಲ್ಲಿ ಕಾಣಿಸಿಕೊಂಡ ಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ. ಅದಕ್ಕೆ ಹಿಂದಿನ ಇಂಗ್ಲಿಷ್ ಮಹಲುಗಳಿಗೆ ಇಳಿಜಾರು ಮಾಡು, ಮಾಡಿನಿಂದ ಹೊರಬಂದ ಕಿಟಕಿಗಳು ಸಾಮಾನ್ಯವಾಗಿದ್ದವು. ಟಾಲ್ಮನ್ ಮಾಡನ್ನು ಕಲ್ಲಿನ ಕಟಾಂಜನದ ಹಿಂದೆ ಮರೆಮಾಡಿದ. ಕಟ್ಟಡ ನೇರ ಗೆರೆಯಲ್ಲಿ ಆಕಾಶವನ್ನು ಸಂಧಿಸುತ್ತದೆ. ಕೆಳ ಅಂತಸ್ತಿನಲ್ಲಿ ಕಲ್ಲುಗಳ ಸಂದು ಎದ್ದು ಕಾಣುವ ಒರಟು ಕಟ್ಟಣೆ, ಅದರ ಮೇಲೆ ಎರಡು ಮಹಡಿಗಳು. ಒಟ್ಟು ಹನ್ನೆರಡು ಅಂಕಣಗಳು. ಎರಡೂ ತುದಿಯ ಮೂರು ಮೂರು ಅಂಕಣಗಳು ತುಸು ಮುಂದೆ ಚಾಚಿದ್ದು, ಅಲ್ಲಿ ಮಾತ್ರ ಅಯೋನಿಕ್ ಶೈಲಿಯ ಎತ್ತರದ ಅರೆಗಂಬಗಳಿವೆ. ಅಂಕಣಗಳ ಸಂಖ್ಯೆ ಸಮವಾದ್ದರಿಂದ ನಡುವೆ ಕಿಟಕಿ ಬರುವ ಬದಲು ಎರಡು ಕಿಟಕಿಗಳ ನಡುವಿನ ಗೋಡೆ ಬರುತ್ತದೆ. ಶಾಸ್ತ್ರೀಯ ನಿಯಮದ ಪ್ರಕಾರ ಇದೊಂದು ದೋಷ. ಆದರೆ ನೋಡುವವನ ಕಣ್ಣು ನಡುವೆ ನಿಲ್ಲದೆ ಎರಡೂ ತುದಿಗಳಿಗೆ ಹರಿಯುವುದರಿಂದ ಕಟ್ಟಡ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ.

ಪೂರ್ವ ಮುಖ: ಇದೂ ಟಾಲ್ಮನ್‌ನದೇ. ಗುಡ್ಡದ ಕಡೆಗಿರುವುದರಿಂದ ನಾಲ್ಕು ಮುಖಗಳಲ್ಲಿ ಇದೇ ಅತ್ಯಂತ ಸರಳ. 1696ರಲ್ಲಿ ಡ್ಯೂಕ್ ಟಾಲ್ಮನ್‌ನನ್ನು ಕೆಲಸದಿಂದ ತೆಗೆದ.

ಪಶ್ಚಿಮ ಮುಖ: 1700ರಿಂದ 1703ರ ಅವಧಿಯದು. ಇದರ ವಿನ್ಯಾಸಕಾರನ ಹೆಸರು ಖಚಿತವಾಗಿ ದಾಖಲಾಗಿಲ್ಲ. ಡ್ಯೂಕನೇ ಬಹುಪಾಲು ರೂಪಿಸಿದನೆಂಬ ಅಭಿಪ್ರಾಯವಿದೆ. ಒಂಬತ್ತು ಅಂಕಣಗಳ ಈ ಮುಖದಲ್ಲಿ ದಕ್ಷಿಣ ಮುಖದ ಕೊರತೆ ನೀಗಿದೆ: ನಡುವೆ ನಾಲ್ಕು ಕಂಬಗಳು, ಅವುಗಳ ಮೇಲೆ ಶಿಲ್ಪ ತುಂಬಿದ ತ್ರಿಕೋನ ಮುಡಿ. ಉಳಿದ ಅಂಕಣಗಳಿಗೆ ಅರೆಗಂಬಗಳು. ಕಿಟಕಿ ಚೌಕಟ್ಟುಗಳಿಗೆ ಹೊರಗಡೆಯಿಂದ ಚಿನ್ನದ ರೇಕು ಹಚ್ಚಿದ್ದಾರೆ. ಈ ಮುಖ ಸಂಜೆಯ ಸೂರ್ಯನಿಗೆ ಎದುರಾಗಿರುವುದರಿಂದ ಇಳಿಬಿಸಿಲಿನಲ್ಲಿ ಒಂದೊಂದು ಕಿಟಕಿಯ ಅಂಚೂ ಪ್ರತ್ಯೇಕವಾಗಿ ಹೊಳೆಯುತ್ತದೆ. ನದಿಯ ಆಚೆಯಿಂದಲೂ ಅದು ಕಾಣುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಬಣ್ಣಕ್ಕಿಂತ ಹೆಚ್ಚು ಕಾಲ ಮಳೆಗಾಳಿಯನ್ನು ತಾಳಿಕೊಳ್ಳುತ್ತದೆ.

ಉತ್ತರ ಮುಖ: 1705ರಿಂದ 1707ರ ನಡುವೆ ಥಾಮಸ್ ಆರ್ಚರ್ ಕಟ್ಟಿದ್ದು. ಹಂತಹಂತವಾಗಿ ಕಟ್ಟಿದ ಮನೆಯ ಲೆಕ್ಕ ಇಲ್ಲಿಗೆ ಬಂದಾಗ ತಪ್ಪಿತ್ತು: ಪಶ್ಚಿಮ ಪಾರ್ಶ್ವದ ಉತ್ತರ ತುದಿ ಪೂರ್ವ ಪಾರ್ಶ್ವದ ಉತ್ತರ ತುದಿಗಿಂತ ಸುಮಾರು ಒಂಬತ್ತು ಅಡಿ ಮುಂದೆ ಬಂದಿತ್ತು. ಎರಡನ್ನೂ ನೇರ ಗೋಡೆಯಿಂದ ಸೇರಿಸಿದ್ದರೆ ಓರೆ ಎದ್ದು ಕಾಣುತ್ತಿತ್ತು. ಆರ್ಚರ್ ನಡುವಿನ ಭಾಗವನ್ನು ಹೊರಕ್ಕೆ ಬಾಗಿದ ಬಿಲ್ಲಿನಂತೆ ಮಾಡಿದ. ಗೋಡೆಯ ಬಾಗನ್ನು ಗಮನಿಸುವ ಕಣ್ಣು ತುದಿಗಳ ಹೊಂದಾಣಿಕೆಯನ್ನು ಅಳೆಯಲು ಹೋಗುವುದಿಲ್ಲ. ಬಾಗಿದ ಗೋಡೆ ಬರೋಕ್ ಶೈಲಿಗೆ ಪ್ರಿಯವಾದದ್ದೇ. ಇಲ್ಲಿ ಅದು ಅಳತೆಯ ತೊಡಕನ್ನೂ ಬಿಡಿಸಿತು.

ಬರೋಕ್ ಒಳಾಂಗಣ

ಹಳೆಯ ಹಜಾರವಿದ್ದ ಪೂರ್ವ ಪಾರ್ಶ್ವದಲ್ಲೇ ಚಿತ್ರಿತ ಹಜಾರವಿದೆ. ಗೋಡೆ, ಮೇಲ್ಚಾವಣಿಗಳ ಮೇಲೆ ಫ್ರೆಂಚ್ ಕಲಾವಿದ ಲೂಯಿ ಲಗೇರ್ ಜೂಲಿಯಸ್ ಸೀಸರನ ಜೀವನದ ದೃಶ್ಯಗಳನ್ನು ಬರೆದಿದ್ದಾನೆ. ಡ್ಯೂಕ್ ತನ್ನ ಹೊಸ ದೊರೆ ವಿಲಿಯಮನಿಗೆ ಸಲ್ಲಿಸಿದ ಗೌರವ ಇದು. ಈ ಹಜಾರದ ಮೆಟ್ಟಿಲು ಮಾತ್ರ ಪ್ರತಿ ಕಾಲದಲ್ಲೂ ಬದಲಾಗಿದೆ: ಟಾಲ್ಮನ್‌ನದನ್ನು 19ನೇ ಶತಮಾನದಲ್ಲಿ ತೆಗೆದರು, ಈಗಿರುವುದು 1912ರಲ್ಲಿ ಒಂಬತ್ತನೇ ಡ್ಯೂಕನಿಗಾಗಿ ರೊಮೇನ್-ವಾಕರ್ ವಿನ್ಯಾಸ ಮಾಡಿದ್ದು.

ಪ್ರಾರ್ಥನಾ ಮಂದಿರ 1688ರಿಂದ 1693ರೊಳಗೆ ಸಿದ್ಧವಾಯಿತು. ಆಮೇಲೆ ಯಾರೂ ಅದನ್ನು ಹೆಚ್ಚಾಗಿ ಮುಟ್ಟಲಿಲ್ಲ. ಗೋಡೆಗಳಿಗೆ ದೇವದಾರು ಜಾತಿಯ ಸೀಡರ್ ಮರದ ಹಲಗೆ ಹೊದಿಸಿದ್ದಾರೆ. ಪೂಜಾವೇದಿಕೆ ಅಲಬಾಸ್ಟರ್ ಮತ್ತು ಡರ್ಬಿಶೈರಿನ ಕಪ್ಪು ಅಮೃತಶಿಲೆಯದು. ಅದರ ವಿನ್ಯಾಸ ಡೆನ್ಮಾರ್ಕ್ ಮೂಲದ ಶಿಲ್ಪಿ ಕೇಯಸ್ ಗೇಬ್ರಿಯಲ್ ಸಿಬರ್‌ನದು. ವೇದಿಕೆಯ ಮೇಲಿನ ಚಿತ್ರ ಇಟಲಿಯ ಆಂಟೋನಿಯೊ ವೆರಿಯೊನದು. ಈ ಮಹಲಿನ ಕೆತ್ತನೆಯಲ್ಲಿ ಹೆಚ್ಚಿನ ಪಾಲು ಡರ್ಬಿಶೈರಿನವನೇ ಆದ ಸ್ಯಾಮ್ಯುಯೆಲ್ ವಾಟ್ಸನ್‌ನದು. ಎಲೆ, ಹೂವು, ಬೇಟೆಯ ಹಕ್ಕಿಗಳನ್ನು ಮರದಲ್ಲಿ ಎಷ್ಟು ತೆಳುವಾಗಿ ಕಡೆದಿದ್ದಾನೆಂದರೆ ಆ ಕಾಲದ ಮಹಾ ಕೆತ್ತನೆಗಾರ ಗ್ರಿನ್ಲಿಂಗ್ ಗಿಬ್ಬನ್ಸ್‌ನ ಕೆಲಸವೆಂದು ಜನ ಬಹುಕಾಲ ನಂಬಿದ್ದರು. ಕಬ್ಬಿಣದ ಕುಸುರಿ ಫ್ರಾನ್ಸಿನಿಂದ ಬಂದ ಝಾನ್ ಟಿಜೂನದು.

ರಾಜಯೋಗ್ಯ ಕೋಣೆಗಳ ಸಾಲು ದಕ್ಷಿಣ ಪಾರ್ಶ್ವದ ಎರಡನೇ ಮಹಡಿಯಲ್ಲಿದೆ. ಬರೋಕ್ ಮಹಲುಗಳಲ್ಲಿ ಇಂಥ ಕೋಣೆಗಳು ಸಾಮಾನ್ಯವಾಗಿ ಹಜಾರದ ಮಟ್ಟದಲ್ಲೇ ಇಲ್ಲವೆ ಮೊದಲ ಮಹಡಿಯಲ್ಲಿ ಇರುತ್ತವೆ. ಚಾಟ್ಸ್‌ವರ್ತ್‌ನಲ್ಲಿ ಅವು ಎಲ್ಲಕ್ಕಿಂತ ಮೇಲಿರುವುದಕ್ಕೆ ಕಾರಣ ಬೆಸ್ಸಳ ಮನೆಯ ಏರ್ಪಾಡು. ಮಹಾಸಭಾಂಗಣ, ಬೈಠಕ್ ಕೋಣೆ, ಸಂಗೀತದ ಕೋಣೆ, ಮಲಗುವ ಕೋಣೆ, ಕಡೆಯದಾಗಿ ಒಂದು ಪುಟ್ಟ ಆಪ್ತ ಕೋಣೆ ಇವೆಲ್ಲ ಒಂದರೊಳಗಿನಿಂದ ಒಂದಕ್ಕೆ ದಾರಿಯಾಗುತ್ತವೆ. ಅತಿಥಿಯ ಅಂತಸ್ತು ಹೆಚ್ಚಿದಷ್ಟೂ ಅವನು ಹೆಚ್ಚು ಬಾಗಿಲುಗಳನ್ನು ದಾಟಬಹುದಿತ್ತು. ಎಲ್ಲ ಬಾಗಿಲುಗಳೂ ಒಂದೇ ನೇರದಲ್ಲಿವೆ. ಇಂಥ ಎರಡು ಸಾಲುಗಳು ಎದುರು ಬದುರಾಗಿದ್ದರೆ ಶೋಭೆ. ಹಳೆಯ ಅಡಿಪಾಯದಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು. ಹಾಗಾಗಿ ಸಾಲಿನ ಕೊನೆಯ ಗೋಡೆಗೆ ದೊಡ್ಡ ಕನ್ನಡಿ ಹಾಕಿದರು. ಬಾಗಿಲುಗಳ ಸಾಲು ಎರಡರಷ್ಟು ಉದ್ದವಾದಂತೆ ಕಾಣತೊಡಗಿತು. ಮೂರನೇ ವಿಲಿಯಂ ಮತ್ತು ಎರಡನೇ ಮೇರಿ ಬಂದು ತಂಗಲೆಂದು ಇಷ್ಟೆಲ್ಲ ಸಜ್ಜುಗೊಳಿಸಿದ್ದು. ಅವರು ಬರಲೇ ಇಲ್ಲ.

ಸಂಗೀತದ ಕೋಣೆಯಲ್ಲಿ ಒಂದು ಬಾಗಿಲು ಅರ್ಧ ತೆರೆದಿರುತ್ತದೆ. ಅದರ ಹಿಂದಿನ ಇನ್ನೊಂದು ಬಾಗಿಲಿನ ಮೊಳೆಗೆ ಪಿಟೀಲು, ಕಮಾನು ನೇತುಹಾಕಿದಂತೆ ಕಾಣುತ್ತದೆ. ಮರದ ಹೊಳಪು, ತಂತಿಗಳು, ಬಾಗಿಲ ಮೇಲೆ ಬಿದ್ದ ನೆರಳು ಎಲ್ಲವೂ ಇವೆ. ಹತ್ತಿರ ಹೋದರೆ ಅದು ಹಲಗೆಯ ಮೇಲಿನ ಚಿತ್ರ: ಯಾನ್ ವಾನ್ ಡರ್ ವಾರ್ಟ್ ಬರೆದದ್ದು. ಇದು ಮೂಲತಃ ಮನೆತನದ ಲಂಡನ್ ನಿವಾಸವಾದ ಡೆವನ್‌ಶೈರ್ ಹೌಸ್‌ನಲ್ಲಿತ್ತು; 19ನೇ ಶತಮಾನದಲ್ಲಿ ಬಾಗಿಲ ಸಮೇತ ಇಲ್ಲಿಗೆ ಬಂತು.

ಹದಿನೆಂಟನೇ ಶತಮಾನ: ದಿಕ್ಕು ಬದಲಾದ ಮನೆ

ಮೊದಲನೇ ಡ್ಯೂಕ್ ತೋಟವನ್ನೂ ಕಟ್ಟಡದಷ್ಟೇ ಕಟ್ಟುನಿಟ್ಟಾಗಿ ಮಾಡಿಸಿದ್ದ. 1696ರಲ್ಲಿ ಫ್ರೆಂಚ್ ಜಲತಂತ್ರಜ್ಞ ಗ್ರಿಲೆ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಜಲಪಾತ ನಿರ್ಮಿಸಿದ. ಇದರ ಇಪ್ಪತ್ತನಾಲ್ಕು ಹಂತಗಳ ಮೇಲೆ ನೀರು ಇಳಿದು ಬರುತ್ತದೆ. ಹಂತಗಳ ಅಗಲ, ಅಂಚುಗಳ ಆಕಾರ ಒಂದೇ ಸಮನಿಲ್ಲದ್ದರಿಂದ ಮೇಲಿನಿಂದ ಕೆಳಗೆ ಬರುತ್ತ ನೀರಿನ ಸದ್ದು ಬದಲಾಗುತ್ತದೆ. ಮೇಲ್ತುದಿಯ ಮಂಟಪ ಆರ್ಚರ್‌ನದು. ದಕ್ಷಿಣದಲ್ಲಿ ಒಂದು ದಿಬ್ಬವನ್ನೇ ಅಗೆದು ಸಮಮಾಡಿ 1702ರಲ್ಲಿ ಉದ್ದನೆಯ ಕೊಳ ಮಾಡಿಸಿದರು.

ಐವತ್ತು ವರ್ಷ ಕಳೆಯುವಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗೆರೆ ಹಾಕಿದಂಥ ತೋಟಗಳ ಕಾಲ ಮುಗಿದಿತ್ತು. 1755ರಲ್ಲಿ ಪಟ್ಟಕ್ಕೆ ಬಂದ ನಾಲ್ಕನೇ ಡ್ಯೂಕ್ ಭೂದೃಶ್ಯ ತಜ್ಞ ‘ಕೇಪಬಿಲಿಟಿ’ ಬ್ರೌನ್‌ನನ್ನು ಕರೆಸಿದ. ಬ್ರೌನ್ ಹಳೆಯ ತೋಟದ ಬಹುಭಾಗವನ್ನು ಅಳಿಸಿ, ಏರಿಳಿತದ ಹುಲ್ಲುಗಾವಲು, ಅಲ್ಲಲ್ಲಿ ಮರಗಳ ಗುಂಪು, ಹಿಂದೆ ದಟ್ಟ ಕಾಡು ಇರುವಂತೆ ರೂಪಿಸಿದ. ನದಿಯ ಪಾತ್ರವನ್ನೂ ತಿದ್ದಿದ. ಜೇಮ್ಸ್ ಪೇನ್ 1760ರ ದಶಕದ ಆರಂಭದಲ್ಲಿ ಮೂರು ಕಮಾನುಗಳ ಕಲ್ಲು ಸೇತುವೆಯನ್ನೂ ಈಶಾನ್ಯದ ಎತ್ತರದಲ್ಲಿ ಕುದುರೆ ಲಾಯಗಳನ್ನೂ ಕಟ್ಟಿದ. ಒರಟು ಕಲ್ಲಿನ ಹೆಬ್ಬಾಗಿಲು, ಗಡಿಯಾರದ ಗೋಪುರಗಳಿರುವ ಈ ಲಾಯದ ಕಟ್ಟಡವೇ ಒಂದು ಸಣ್ಣ ಅರಮನೆಯಷ್ಟು ದೊಡ್ಡದು. ಈ ಕೆಲಸಗಳಿಂದ ಮನೆಯ ದಿಕ್ಕೇ ಬದಲಾಯಿತು. ಹಿಂದೆ ಪೂರ್ವದ ಗುಡ್ಡದ ಕಡೆಯಿಂದ ಬರುತ್ತಿದ್ದ ಅತಿಥಿಗಳು ಈಗ ಪಶ್ಚಿಮದಿಂದ, ಸೇತುವೆಯ ಮೇಲೆ ಬರತೊಡಗಿದರು. ಮೊದಲನೇ ಡ್ಯೂಕನ ಪಶ್ಚಿಮ ಮುಖವನ್ನು ದೂರದಿಂದಲೇ ನೋಡುವ ಅವಕಾಶ ಆಗ ದೊರೆಯಿತು. ಈ ನೋಟಕ್ಕೆ ಅಡ್ಡ ಬಂದ ಈಡನ್ಸರ್ ಹಳ್ಳಿಯ ಮನೆಗಳನ್ನು ತೆಗೆಸಿದರು. ಉಳಿದ ಹಳ್ಳಿಯನ್ನೂ 1838ರ ನಂತರ ಕಣಿವೆಯ ಮರೆಗೆ ಸ್ಥಳಾಂತರಿಸಿದರು. ಜಮೀನುದಾರನ ಕಣ್ಣಿಗೆ ಹಿತವಾಗಲೆಂದು ಊರನ್ನೇ ಕದಲಿಸುವ ಅಧಿಕಾರ ಅಂದಿನ ಗ್ರಾಮಾಂತರ ಮಹಲಿಗಿತ್ತು.

ಆರನೇ ಡ್ಯೂಕ್ ಮತ್ತು ಉತ್ತರ ಪಾರ್ಶ್ವ

1811ರಲ್ಲಿ ಇಪ್ಪತ್ತೊಂದರ ವಯಸ್ಸಿಗೆ ಆಸ್ತಿ ಪಡೆದ ಆರನೇ ಡ್ಯೂಕ್ ಕೊನೆಯವರೆಗೂ ಅವಿವಾಹಿತನಾಗಿ ಉಳಿದ. ಪುಸ್ತಕ, ಶಿಲ್ಪ, ಗಿಡ ಇವು ಅವನ ವ್ಯಸನಗಳು. ಕೊಂಡ ವಸ್ತುಗಳನ್ನಿಡಲು, ಕರೆದ ಅತಿಥಿಗಳಿಗೆ ಊಟ ಹಾಕಲು ಹಳೆಯ ಮನೆಯಲ್ಲಿ ಜಾಗ ಸಾಲಲಿಲ್ಲ. 1818ರಲ್ಲಿ ಅವನು ಜೆಫ್ರಿ ವೈಯಟ್‌ನನ್ನು ನೇಮಿಸಿದ. ಈ ವಾಸ್ತುಶಿಲ್ಪಿ ಮುಂದೆ ವಿಂಡ್ಸರ್ ಕೋಟೆಯನ್ನು ನವೀಕರಿಸುವ ಹೊತ್ತಿಗೆ ದೊರೆಯ ಒಪ್ಪಿಗೆಯಿಂದ ವೈಯಟ್‌ವಿಲ್ ಎಂದು ಹೆಸರು ಬದಲಿಸಿಕೊಂಡ.

ವೈಯಟ್‌ವಿಲ್‌ನ ಎದುರಿಗಿದ್ದ ಪ್ರಶ್ನೆ ಕಠಿಣವಾದದ್ದು. ಮುಖ್ಯ ಕಟ್ಟಡ ನಾಲ್ಕೂ ಕಡೆ ಪೂರ್ಣಗೊಂಡ ಚೌಕ. ಅದರ ಗಾತ್ರವನ್ನು ಎರಡರಷ್ಟಾಗಿಸಬೇಕು, ಆದರೆ ಸಮತೋಲ ಕೆಡಬಾರದು. ಅವನು ಹೊಸ ಪಾರ್ಶ್ವವನ್ನು ಈಶಾನ್ಯ ಮೂಲೆಗೆ ಅಂಟಿಸಿ ಉತ್ತರಕ್ಕೆ ಉದ್ದವಾಗಿ ಎಳೆದ. ಅದರ ಎತ್ತರ ಮುಖ್ಯ ಕಟ್ಟಡಕ್ಕಿಂತ ಕಡಿಮೆ. ಪಶ್ಚಿಮದಿಂದ ನೋಡಿದಾಗ ಅದು ಹಿಂದೆ ಸರಿದು ನಿಂತಿದೆ. ಹೀಗಾಗಿ ಹಳೆಯ ಚೌಕದ ಹಿರಿತನ ಹಾಗೆಯೇ ಉಳಿಯಿತು. ಪಾರ್ಶ್ವ ಎಲ್ಲಿಯೋ ಹೋಗಿ ಸುಮ್ಮನೆ ಮುಗಿದಂತೆ ಕಾಣಬಾರದೆಂದು ಉತ್ತರ ತುದಿಯಲ್ಲಿ ತೆರೆದ ಕಮಾನುಗಳ ಎತ್ತರದ ಗೋಪುರ ನಿಲ್ಲಿಸಿದ. ಶೈಲಿ ಇಟಲಿಯ ಹಳ್ಳಿಮಹಲುಗಳದು. ಕಲ್ಲು ಮಾತ್ರ ಹಳೆಯ ಭಾಗದಂತೆ ಸ್ಥಳೀಯ ಮರಳುಗಲ್ಲು. ಕಾಲದ ಅಂತರ ನೂರು ವರ್ಷಕ್ಕೂ ಮಿಕ್ಕಿದ್ದರೂ ಎರಡು ಭಾಗಗಳು ಒಂದೇ ಮನೆಯಂತೆ ಕಾಣುವುದಕ್ಕೆ ಈ ಕಲ್ಲಿನ ಬಣ್ಣ ದೊಡ್ಡ ಕಾರಣ.

ಹೊಸ ಪಾರ್ಶ್ವದಲ್ಲಿ ಕೆಳಗೆ ಅಡುಗೆಮನೆ, ಉಗ್ರಾಣ, ಆಳುಗಳ ಕೆಲಸದ ಕೋಣೆಗಳು; ಮೇಲೆ ಒಡೆಯನ ಭೋಜನಶಾಲೆ, ಶಿಲ್ಪಶಾಲೆ, ಕಿತ್ತಳೆ ಗಿಡಗಳ ಮನೆ. ತುದಿಯ ಗೋಪುರದಲ್ಲಿ ನೃತ್ಯಶಾಲೆ. ಅದು ಮುಂದೆ ರಂಗಮಂದಿರವಾಯಿತು. ಪೀಪಾಯಿಯಾಕಾರದ, ಚಿನ್ನ ಲೇಪಿಸಿದ ಚಾವಣಿಯ ಭೋಜನಶಾಲೆಯಲ್ಲಿ 1832ರಲ್ಲಿ ಹದಿಮೂರರ ರಾಜಕುಮಾರಿ ವಿಕ್ಟೋರಿಯಾ ಮೊದಲ ಬಾರಿಗೆ ಹಿರಿಯರ ಪಂಕ್ತಿಯಲ್ಲಿ ಕುಳಿತು ಊಟಮಾಡಿದಳು. ಶಿಲ್ಪಶಾಲೆಯ ಗೋಡೆಗಳಿಗೆ ಬಣ್ಣ, ಬಟ್ಟೆ, ಚಿತ್ರ ಯಾವುದೂ ಇಲ್ಲ, ಬರಿಯ ಮರಳುಗಲ್ಲು. ಬೆಳಕು ಚಾವಣಿಯ ಗಾಜಿನಿಂದ ಬೀಳುತ್ತದೆ. ಕನೋವಾನ ನಿದ್ರಿಸುವ ಎಂಡಿಮಿಯನ್, ಥಾರ್‌ವಾಲ್ಡ್‌ಸನ್‌ನ ವೀನಸ್ ಮೊದಲಾದ ಬಿಳಿ ಅಮೃತಶಿಲೆಯ ಮೂರ್ತಿಗಳು ಈ ಬಗೆಯ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಎದ್ದು ನಿಲ್ಲುತ್ತವೆ.

ಹಳೆಯ ಕಟ್ಟಡದಲ್ಲೂ ಬದಲಾವಣೆಗಳಾದವು. ಮೊದಲನೇ ಡ್ಯೂಕ್ ಓಡಾಟಕ್ಕೆಂದು ಮಾಡಿಸಿದ್ದ ಉದ್ದನೆಯ ಪಡಸಾಲೆ ಗ್ರಂಥಾಲಯವಾಯಿತು. 1690ರ ದಶಕದಲ್ಲಿ ಎಡ್ವರ್ಡ್ ಗೌಜ್ ಮಾಡಿದ ಗಾರೆ ಅಲಂಕಾರದ ಚಾವಣಿಯನ್ನು ಹಾಗೆಯೇ ಉಳಿಸಿ, ಕೆಳಗೆ ಪುಸ್ತಕದ ಕಪಾಟು, ಅಟ್ಟಣಿಗೆ ಜೋಡಿಸಿದರು. ಗ್ರಂಥಾಲಯ ಮತ್ತು ಪಕ್ಕದ ಕೋಣೆಗಳಲ್ಲಿ ಸೇರಿ 17,000ಕ್ಕೂ ಹೆಚ್ಚು ಸಂಪುಟಗಳಿವೆ. ಅಟ್ಟಣಿಗೆಗೆ ಹೋಗುವ ಬಾಗಿಲು ಪುಸ್ತಕದ ಸಾಲಿನಂತೆಯೇ ಕಾಣುತ್ತದೆ. ಅದರ ಮೇಲಿರುವವು ಬರಿಯ ಬೆನ್ನುಪಟ್ಟಿಗಳು. ಅವುಗಳ ಮೇಲಿನ ತಮಾಷೆಯ ಶೀರ್ಷಿಕೆಗಳನ್ನು 20ನೇ ಶತಮಾನದಲ್ಲಿ ಪ್ರವಾಸ ಸಾಹಿತಿ ಪ್ಯಾಟ್ರಿಕ್ ಲೀ ಫರ್ಮರ್ ಸೂಚಿಸಿದ. ಅಂಗಳದ ಸುತ್ತ ಹೊಸ ಮೊಗಸಾಲೆಗಳು ಬಂದವು. ಒಂದು ಕೋಣೆಗೆ ಹೋಗಲು ಇನ್ನೊಂದು ಕೋಣೆಯನ್ನು ಹಾಯಬೇಕಾದ ಹಳೆಯ ತೊಂದರೆ ಇದರಿಂದ ತಪ್ಪಿತು.

ಪ್ಯಾಕ್ಸ್‌ಟನ್ ಮತ್ತು ಗಾಜಿನ ವಾಸ್ತುಶಿಲ್ಪ

1826ರಲ್ಲಿ ಡ್ಯೂಕ್ ಇಪ್ಪತ್ತೆರಡರ ವಯಸ್ಸಿನ ಜೋಸೆಫ್ ಪ್ಯಾಕ್ಸ್‌ಟನ್‌ನನ್ನು ಮುಖ್ಯ ತೋಟಗಾರನಾಗಿ ನೇಮಿಸಿದ. ರೈತಾಪಿ ಕುಟುಂಬದಿಂದ ಬಂದ ಪ್ಯಾಕ್ಸ್‌ಟನ್ ವಾಸ್ತುಶಿಲ್ಪವನ್ನು ಕೆಲಸ ಮಾಡುತ್ತಲೇ ಕಲಿತ. ಗಾಜಿನ ಮಾಡು ಚಪ್ಪಟೆಯಾಗಿದ್ದರೆ ಬೆಳಗಿನ, ಸಂಜೆಯ ಓರೆ ಬಿಸಿಲು ಒಳಗೆ ಸರಿಯಾಗಿ ಇಳಿಯುವುದಿಲ್ಲ. ಇದನ್ನು ಕಂಡು ಅವನು ಗಾಜುಗಳನ್ನು ಏಣು-ತಗ್ಗುಗಳ ಸಾಲಾಗಿ ಜೋಡಿಸುವ ವಿಧಾನವನ್ನು ಬೆಳೆಸಿದ. ಈ ವಿಧಾನದಲ್ಲೇ 1836ರಿಂದ 1840ರ ನಡುವೆ, ಡೆಸಿಮಸ್ ಬರ್ಟನ್‌ನ ನೆರವಿನೊಂದಿಗೆ, ಮಹಾ ಸಸ್ಯಾಗಾರ ಎದ್ದಿತು. 277 ಅಡಿ ಉದ್ದ, 123 ಅಡಿ ಅಗಲ. ಎರಕದ ಕಬ್ಬಿಣದ ಕಂಬಗಳು, ಬಾಗಿಸಿದ ಮರದ ಪಕ್ಕೆಗಳು, ಅವುಗಳ ಮೇಲೆ ಗಾಜು. ನಡುವೆ ಸಾರೋಟು ಹೋಗುವಷ್ಟು ಅಗಲದ ದಾರಿಯಿತ್ತು. 1843ರಲ್ಲಿ ವಿಕ್ಟೋರಿಯಾ ರಾಣಿ ಸಾವಿರಾರು ದೀಪಗಳ ನಡುವೆ ಸಾರೋಟಿನಲ್ಲೇ ಅದನ್ನು ಹಾದುಹೋದಳು. ನೆಲದಡಿಯ ಕುಲುಮೆಗಳು ಒಳಗೆ ಉಷ್ಣವಲಯದ ಸೆಕೆಯನ್ನು ಕಾಪಾಡುತ್ತಿದ್ದವು.

ಈ ಸಸ್ಯಾಗಾರಗಳನ್ನು ತುಂಬಿಸಲು ಗಿಡಗಳು ದೂರದಿಂದ ಬರುತ್ತಿದ್ದವು. 1835ರಲ್ಲಿ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಭಾರತಕ್ಕೇ ಕಳುಹಿಸಿದರು. ಅವನು ಖಾಸಿ ಗುಡ್ಡಗಳಿಂದ ಸೀತಾಳೆಗಳನ್ನು ಒಯ್ದ. ಮಾರಿಷಸ್ಸಿನಿಂದ ಬಂದ ಒಂದು ಗಿಡ್ಡ ಬಾಳೆ 1835ರಲ್ಲಿ ಇಲ್ಲಿ ಹೂಬಿಟ್ಟಿತು. ಅದಕ್ಕೆ ಕ್ಯಾವೆಂಡಿಷ್ ಮನೆತನದ ಹೆಸರಿಟ್ಟರು. ಇಂದು ಕರ್ನಾಟಕದ ತೋಟಗಳಲ್ಲಿ ಬೆಳೆಯುವ ಪಚ್ಚಬಾಳೆ ಅದೇ ಕ್ಯಾವೆಂಡಿಷ್ ಗುಂಪಿಗೆ ಸೇರಿದ್ದು.

1849ರಲ್ಲಿ ಅಮೆಜಾನ್ ಮೂಲದ ದೈತ್ಯ ನೈದಿಲೆ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಚಾಟ್ಸ್‌ವರ್ತ್‌ನಲ್ಲಿ ಅರಳಿತು. ಅದಕ್ಕಾಗಿ ಕಟ್ಟಿದ ಗಾಜಿನ ಮನೆಯಲ್ಲಿ ಪ್ಯಾಕ್ಸ್‌ಟನ್ ಪರೀಕ್ಷಿಸಿದ ರಚನೆಯೇ 1851ರ ಮಹಾ ಪ್ರದರ್ಶನಕ್ಕಾಗಿ ಲಂಡನ್ನಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೆಸ್‌ಗೆ ಆಧಾರವಾಯಿತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ ಆ ಕ್ರಿಸ್ಟಲ್ ಪ್ಯಾಲೆಸ್ಸಿನ ಮಾದರಿಯದು. 1889ರಲ್ಲಿ, ಜಾನ್ ಕ್ಯಾಮರಾನ್ ಉದ್ಯಾನದ ಮೇಲ್ವಿಚಾರಕನಾಗಿದ್ದಾಗ, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲಿಟ್ಟ. ಡರ್ಬಿಶೈರಿನ ತೋಟದಲ್ಲಿ ಆರಂಭವಾದ ಪ್ರಯೋಗ ನಲವತ್ತು ವರ್ಷಗಳಲ್ಲಿ ಮೈಸೂರು ಸಂಸ್ಥಾನವನ್ನು ಮುಟ್ಟಿತ್ತು.

ರಷ್ಯದ ಚಕ್ರವರ್ತಿ ಒಂದನೇ ನಿಕೊಲಸ್ ಬರುವನೆಂದು 1844ರಲ್ಲಿ ಪ್ಯಾಕ್ಸ್‌ಟನ್ ದಕ್ಷಿಣದ ಉದ್ದನೆಯ ಕೊಳದಲ್ಲಿ ಚಕ್ರವರ್ತಿ ಕಾರಂಜಿಯನ್ನು ನಿರ್ಮಿಸಿದ. ಗುಡ್ಡದ ಮೇಲೆ ಎಂಟು ಎಕರೆಯ ಕೆರೆ ತೋಡಿಸಿ, ಅಲ್ಲಿಂದ ಕೊಳವೆಯಲ್ಲಿ ಇಳಿಯುವ ನೀರಿನ ಒತ್ತಡದಿಂದಲೇ ಚಿಲುಮೆ ಏಳುವಂತೆ ಮಾಡಿದ. ಯಂತ್ರದ ನೆರವಿಲ್ಲದೆ ಅದು 296 ಅಡಿ ಎತ್ತರ ಮುಟ್ಟಿದ ದಾಖಲೆಯಿದೆ. ಚಕ್ರವರ್ತಿ ಚಾಟ್ಸ್‌ವರ್ತ್‌ಗೆ ಬರಲಿಲ್ಲ, ಕಾರಂಜಿ ಉಳಿಯಿತು. 1893ರಲ್ಲಿ ಈ ಗುಡ್ಡದ ನೀರಿನಿಂದಲೇ ಮನೆಗೆ ವಿದ್ಯುತ್ ಉತ್ಪಾದಿಸಲು ಆರಂಭಿಸಿದರು.

ಇಪ್ಪತ್ತನೇ ಶತಮಾನ ಮತ್ತು ಈಚೆಗೆ

ಹೆಚ್ಚು ಸೇರಿಸಿದ ಮನೆಗೆ ನಿರ್ವಹಣೆಯ ಖರ್ಚೂ ಹೆಚ್ಚು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು, ಆಳುಗಳು ಎರಡೂ ಸಿಗದೆ ಮಹಾ ಸಸ್ಯಾಗಾರದ ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಸಿಡಿಮದ್ದಿಟ್ಟು ಕೆಡವಿದರು. ಅದರ ಅಡಿಪಾಯದ ಗೋಡೆಗಳ ನಡುವೆ 1962ರಲ್ಲಿ ಗಿಡಗಳ ಚಕ್ರವ್ಯೂಹ ನೆಟ್ಟಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ವೇಲ್ಸ್‌ನ ಪೆನ್ರೋಸ್ ಕಾಲೇಜಿನ ಬಾಲಕಿಯರು ಇಲ್ಲಿಗೆ ಸ್ಥಳಾಂತರಗೊಂಡರು. ರಾಜಯೋಗ್ಯ ಕೋಣೆಗಳು ಮಕ್ಕಳು ಮಲಗುವ ಕೋಣೆಗಳಾದವು.

1950ರ ನವೆಂಬರಿನಲ್ಲಿ ಹತ್ತನೇ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಶೇ. 80ರಷ್ಟು ಮರಣ ತೆರಿಗೆ ಬಿತ್ತು. ಅದನ್ನು ತೀರಿಸಲು ಜಮೀನು, ಕಲಾಕೃತಿಗಳ ಜೊತೆಗೆ ಹಾರ್ಡ್‌ವಿಕ್ ಹಾಲ್ ಕೂಡ ಸರ್ಕಾರಕ್ಕೆ, ಅಲ್ಲಿಂದ ನ್ಯಾಷನಲ್ ಟ್ರಸ್ಟ್‌ಗೆ ಹೋಯಿತು. ಚಾಟ್ಸ್‌ವರ್ತ್ ಉಳಿದುಕೊಂಡಿತು. 1959ರಲ್ಲಿ ಹನ್ನೊಂದನೇ ಡ್ಯೂಕ್ ಆಂಡ್ರೂ ಮತ್ತು ಪತ್ನಿ ಡೆಬೊರಾ ಮತ್ತೆ ಇಲ್ಲಿ ವಾಸಕ್ಕೆ ಬಂದರು. 1981ರಲ್ಲಿ ಮನೆಯ ನಿರ್ವಹಣೆಗಾಗಿ ಸೇವಾರ್ಥ ದತ್ತಿ ಸಂಸ್ಥೆಯೊಂದು ಸ್ಥಾಪನೆಯಾಯಿತು. ಪ್ರವಾಸಿಗಳ ಪ್ರವೇಶ ಶುಲ್ಕ ಈಗ ಮುಖ್ಯ ಆದಾಯಗಳಲ್ಲೊಂದು.

ಸೇರ್ಪಡೆಯ ಪರಂಪರೆ ಸಣ್ಣ ಪ್ರಮಾಣದಲ್ಲಿ ಮುಂದುವರಿದಿದೆ. 1970ರಲ್ಲಿ ಜಾರ್ಜ್ ಪಿಯರ್ಸ್ ವಿನ್ಯಾಸದ ಹೊಸ ಗಾಜಿನ ಮನೆ ಬಂತು. 2014ರಲ್ಲಿ ಉತ್ತರದ ಮೊಗಸಾಲೆಯ ಗೋಡೆಗಳಿಗೆ ಯಾಕೋಬ್ ವಾನ್ ಡರ್ ಬ್ಯೂಗೆಲ್ ಡ್ಯೂಕ್ ಕುಟುಂಬದ ಡಿಎನ್‌ಎ ವಿನ್ಯಾಸವನ್ನು ಸೆರಾಮಿಕ್ ಫಲಕಗಳಲ್ಲಿ ಮೂಡಿಸಿದ. ಮನೆತನದ ಭಾವಚಿತ್ರಗಳ ಸಾಲಿಗೆ ಇದು ಹೊಸ ಕಾಲದ ಸೇರ್ಪಡೆ. 2018ರಲ್ಲಿ ಮುಗಿದ ಹತ್ತು ವರ್ಷಗಳ ಜೀರ್ಣೋದ್ಧಾರಕ್ಕೆ 3.2 ಕೋಟಿ ಪೌಂಡ್ ಖರ್ಚಾಯಿತು. ಹೊಗೆಯಿಂದ ಕಪ್ಪಾಗಿದ್ದ ಕಲ್ಲನ್ನು ತೊಳೆದು, ಸವೆದ ಕೆತ್ತನೆಗಳನ್ನು ಹೊಸದಾಗಿ ಕಡೆದು, ಸುಮಾರು 1.3 ಎಕರೆ ವಿಸ್ತಾರದ ಮಾಡನ್ನು ದುರಸ್ತಿಮಾಡಿ, ಕಿಟಕಿಗಳಿಗೆ ಮತ್ತೆ ಚಿನ್ನದ ರೇಕು ಹಚ್ಚಲಾಯಿತು.

ವಾಸ್ತುಶಿಲ್ಪದ ಮಹತ್ವ

ಬೆಸ್ ಕಟ್ಟಿಸಿದ ಎರಡು ಮನೆಗಳನ್ನು ಹೋಲಿಸಿದರೆ ಚಾಟ್ಸ್‌ವರ್ತ್‌ನ ಸ್ವರೂಪ ತಿಳಿಯುತ್ತದೆ. 1590ರ ದಶಕದ ಹಾರ್ಡ್‌ವಿಕ್ ಹಾಲ್ ಹೆಚ್ಚು ಬದಲಾಗದೆ ಉಳಿಯಿತು. ಮನೆತನ ಚಾಟ್ಸ್‌ವರ್ತ್‌ನಲ್ಲೇ ಹೆಚ್ಚಾಗಿ ವಾಸಿಸಿದ್ದರಿಂದ ಹಾರ್ಡ್‌ವಿಕ್‌ಗೆ ಹಣ ಸುರಿಯುವ ಅಗತ್ಯ ಬರಲಿಲ್ಲ. ಹಾರ್ಡ್‌ವಿಕ್‌ನಲ್ಲಿ ಒಬ್ಬ ಒಡತಿಯ, ಒಂದು ಕಾಲದ ಅಭಿರುಚಿ ಶುದ್ಧವಾಗಿ ಕಾಣುತ್ತದೆ. ಚಾಟ್ಸ್‌ವರ್ತ್‌ನಲ್ಲಿ ಮನೆತನದ ಇತಿಹಾಸವೇ ಕಟ್ಟಡವಾಗಿದೆ.

ಉತ್ತರ ಪಾರ್ಶ್ವದ ಬಗ್ಗೆ ಎರಡು ಅಭಿಪ್ರಾಯಗಳು ಸಾಧ್ಯ. ಪೂರ್ಣವಾಗಿದ್ದ ಬರೋಕ್ ಚೌಕಕ್ಕೆ ಒಂದೇ ಕಡೆ ಬಾಲ ಬೆಳೆಸಿದ್ದು ಅದರ ಸಮತೋಲವನ್ನು ಕೆಡಿಸಿತು ಎನ್ನಬಹುದು. ಆದರೆ ಆ ಚೌಕ ಎಂದೂ ಪೂರ್ಣ ಸಮವಾಗಿರಲಿಲ್ಲ. ದಕ್ಷಿಣ ಮುಖದ ನಡುವೆ ಕಿಟಕಿಯಿಲ್ಲ, ಉತ್ತರ ಮುಖ ಒಂಬತ್ತು ಅಡಿಯ ಓರೆಯನ್ನು ಬಾಗಿನಲ್ಲಿ ಅಡಗಿಸಿದೆ, ಕೋಣೆಗಳ ಸಾಲಿನ ಅರ್ಧ ಇರುವುದು ಕನ್ನಡಿಯೊಳಗೆ. ಟಾಲ್ಮನ್, ಆರ್ಚರ್, ವೈಯಟ್‌ವಿಲ್ ಮೂವರೂ ಖಾಲಿ ನಿವೇಶನದಲ್ಲಿ ಕಟ್ಟಿದವರಲ್ಲ. ತಮಗಿಂತ ಹಿಂದಿನವರು ಬಿಟ್ಟುಹೋದ ತೊಡಕನ್ನು ಬಿಡಿಸುತ್ತ ಕಟ್ಟಿದವರು. ಇಂಗ್ಲಿಷ್ ಗ್ರಾಮಾಂತರ ಮಹಲುಗಳಲ್ಲಿ ಚಾಟ್ಸ್‌ವರ್ತ್‌ನ ಸ್ಥಾನ ದೊಡ್ಡದಾಗಿರುವುದು ಅದರ ಗಾತ್ರದಿಂದಲ್ಲ. ಈ ಹೊಂದಾಣಿಕೆಗಳಲ್ಲಿ ತೋರಿದ ಜಾಣ್ಮೆಯಿಂದ.